ಮಗಳ ಮನೆಯ ಬೆಲ್ ಒತ್ತಿದ ದಿನ

ಮಗಳ ಮನೆಯ ವಿಷಯ ಬರೆಯಬೇಕೆಂದು ಎಷ್ಟು ವಾರಗಳಿಂದ ಪೆನ್ನು ಹಿಡಿದು ಕುಳಿತಿದ್ದೇನೆ ಗೊತ್ತೇ? ಈ ಅಂಕಣದಲ್ಲಿ ಒಂದು ವಾರ ಮೀನಿನ ರೇಟಿನ ಬಗ್ಗೆ ಬರೆದು ತಪ್ಪಿಸಿಕೊಂಡೆ. ಇನ್ನೊಂದು ವಾರ ಬಿ.ಸಿ. ರೋಡಿನ ಧೂಳಿನ ಬಗ್ಗೆ. ಹೋದ ವಾರವಂತೂ ನನ್ನ ಹಲ್ಲುನೋವಿನ ಕಥೆ ಹೇಳಿ ನಿಮ್ಮ ತಲೆ ತಿಂದೆ. (ಹಲ್ಲು ಈಗ ಇಲ್ಲ. ವಿಚಾರಿಸಿದವರಿಗೆಲ್ಲ ಥ್ಯಾಂಕ್ಸ್.)

ಈ ವಾರ ತಪ್ಪಿಸಿಕೊಳ್ಳುವ ಹಾಗಿಲ್ಲ. ಕಳೆದ ಭಾನುವಾರ ನನ್ನ ಮಗಳು ಮೈಮೂನ ನನ್ನನ್ನು ತನ್ನ ಮನೆಯಿಂದ ಹೊರಗೆ ಹಾಕಿದಳು. ನಾನು ಎಷ್ಟು ಖುಷಿಯಲ್ಲಿದ್ದೇನೆ ಎಂದರೆ ಅಕ್ಷರ ನೆಟ್ಟಗೆ ಬರುತ್ತಿಲ್ಲ!

ನೀವು ತಪ್ಪು ಓದಲಿಲ್ಲ. ತನ್ನ ಮನೆಯಿಂದ. ಮೂಡಬಿದಿರೆಯಲ್ಲಿ. ಬಾಡಿಗೆಯದ್ದೇ ಇರಲಿ, ಬಾಗಿಲು ಅವಳದ್ದು, ಬೀಗ ಅವಳದ್ದು, ಯಾರು ಒಳಗೆ ಯಾರು ಹೊರಗೆ ಎಂದು ಹೇಳುವ ಬಾಯಿಯೂ ಅವಳದ್ದು.

ಮೊದಲಿನಿಂದ ಹೇಳುತ್ತೇನೆ.

ಮೈಮೂನಳಿಗೆ ಈಗ ಇಪ್ಪತ್ತೇಳು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸಣ್ಣದಾಗಿ ಉಳಿಯಿತು. ಊರುಗೋಲು ಹಿಡಿದು ನಡೆಯುತ್ತಾಳೆ. ನನ್ನದು ಬಂಟ್ವಾಳ ಪೇಟೆಯಲ್ಲಿ ಚಪ್ಪಲಿ ಅಂಗಡಿ ಎಂದು ಹಳೆಯ ಓದುಗರಿಗೆ ಗೊತ್ತಿದೆ. ಅವಳ ಬಲಗಾಲಿಗೆ ಐದನೇ ನಂಬರು, ಎಡಗಾಲಿಗೆ ಮೂರು. ಪ್ರತಿ ಸಲ ಎರಡು ಜೊತೆ ಒಡೆಯಬೇಕು. ಒಂದರಿಂದ ಬಲ, ಇನ್ನೊಂದರಿಂದ ಎಡ. ಉಳಿದ ಒಂಟಿ ಚಪ್ಪಲಿಗಳನ್ನೆಲ್ಲ ಅಂಗಡಿಯ ಅಟ್ಟದಲ್ಲಿ ಗೋಣಿಗೆ ತುಂಬಿಸಿಟ್ಟಿದ್ದೆ. ಬಂದ ಗಿರಾಕಿಗಳಿಗೆ ತೋರಿಸುತ್ತಲೂ ಇದ್ದೆ. "ನೋಡಿ, ಮಗಳಿಗಾಗಿ!" ನನ್ನಂಥ ತಂದೆ ಬೇರೆ ಯಾರಿದ್ದಾರೆ, ಅಲ್ಲವೇ?

ಅವಳಿಗೆ ಹನ್ನೊಂದಾದಾಗ ನಾನೂ ಅವಳ ಉಮ್ಮನೂ ಬೇರೆಯಾದೆವು. ತಲಾಖ್. ಯಾರ ತಪ್ಪು? ಆ ಪ್ರಶ್ನೆಗೆ ಇಷ್ಟು ವರ್ಷ ನಾನು ಯಾವ ಉತ್ತರ ಕೊಟ್ಟಿರಬಹುದೆಂದು ನೀವೇ ಊಹಿಸಿ. ಅವಳ ಉಮ್ಮ ಬೆಳ್ತಂಗಡಿಯ ತವರಿಗೆ ಹೋದಳು. ಮಗು ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ ಎಂದು ಮಸೀದಿಯ ಜಮಾತಿನ ಹಿರಿಯರು ತೀರ್ಮಾನಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಹೆಂಗಸಿನ ಹೆಸರು ಯಾರೂ ಎತ್ತಲಿಲ್ಲ. "ಬೆಳ್ತಂಗಡಿ ಫೋನ್ ಮಾಡಿತ್ತು." "ಬೆಳ್ತಂಗಡಿಗೆ ಕೋಪ ಬಂದಿದೆ." ಅಷ್ಟೇ. ಆ ಕಡೆಯವರಿಗೆ ನಾನು ಬರೀ 'ಬಂಟ್ವಾಳ'. ಎರಡು ಊರು ಮಾತಾಡುತ್ತಿದ್ದವು, ಮನುಷ್ಯರಲ್ಲ.

ನಡುವೆ ಒಂದು ಹುಡುಗಿ, ಒಂದು ಊರುಗೋಲು, ಎರಡು ಬ್ಯಾಗು.

ಇಪ್ಪತ್ತೊಂದನೇ ವಯಸ್ಸಿಗೆ ಮೈಮೂನಳಿಗೆ ಮೂಡಬಿದಿರೆಯ ಟೈಪಿಂಗ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಕಾಲೇಜು ಮಕ್ಕಳ ಪ್ರಾಜೆಕ್ಟುಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುವ ಕೆಲಸ. ವಾರದೊಳಗೆ ರೂಮನ್ನೂ ಅವಳೇ ಹುಡುಕಿದಳು. ರಿಟೈರ್ ಆದ ಲಿಲ್ಲಿ ಟೀಚರ್ ಅವರ ಮನೆಯ ಹಿತ್ತಿಲಲ್ಲಿ ಒಂದು ಕೋಣೆ, ಅಡುಗೆಮನೆ, ಬಚ್ಚಲು.

"ಮೂಡಬಿದಿರೆಯಿಂದ ಬಂಟ್ವಾಳಕ್ಕೂ ಒಂದೇ ಬಸ್ಸು, ಬೆಳ್ತಂಗಡಿಗೂ ಒಂದೇ ಬಸ್ಸು ಉಪ್ಪ," ಎಂದಳು. (ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ; ಉಪ್ಪ ಎಂದರೆ ಅಪ್ಪ, ಉಮ್ಮ ಎಂದರೆ ಅಮ್ಮ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) "ನಿಮ್ಮಿಬ್ಬರಲ್ಲಿ ಯಾರಿಗೆ ನನ್ನನ್ನು ನೋಡ್ಬೇಕು ಅಂತ ಆಗ್ತದೋ ಅವರು ಬನ್ನಿ."

ಯುದ್ಧ ಶುರುವಾಯಿತು. ಬೆಳ್ತಂಗಡಿಯಿಂದ ಫೋನು: "ಬಚ್ಚಲಲ್ಲಿ ಜಾರಿ ಬಿದ್ರೆ ಎತ್ತುವವರು ಯಾರು? ಬಂಟ್ವಾಳದವರಿಗೆ ಮಗಳು ಭಾರ ಆಯ್ತಾ?" ನಾನು ಬಿಟ್ಟೇನೇ? "ಹದಿನೈದು ದಿನ ಸರಿಯಾಗಿ ನೋಡ್ಕೊಳ್ತಿದ್ರೆ ಅವಳು ಯಾಕೆ ರೂಮು ಹುಡುಕ್ತಾಳೆ?" ಮೈಮೂನ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು ಇಬ್ಬರಿಗೂ ಕೇಳುವ ಹಾಗೆ ಹೇಳಿದಳು: "ನೀವು ನನಗೋಸ್ಕರ ಜಗಳ ಮಾಡುದಲ್ಲ. ನನ್ನನ್ನು ಇಟ್ಕೊಂಡು ಜಗಳ ಮಾಡುದು."

ಆಶ್ಚರ್ಯವೆಂದರೆ ಬೆಳ್ತಂಗಡಿ ಎರಡೇ ದಿನದಲ್ಲಿ ಮೆತ್ತಗಾಯಿತು. "ಅವಳಿಗೆ ಬೇಕಾದ್ರೆ ಇರ್ಲಿ" ಎಂದು ಸುದ್ದಿ ಬಂತು.

ಮೆತ್ತಗಾಗದವನು ನಾನು. ಜನ ಏನು ಹೇಳುತ್ತಾರೆ ಎಂಬುದು ಬಾಯಿಯ ಕಾರಣ. ಒಳಗಿನ ಕಾರಣ ಬೇರೆ. ಅವಳು ಹೊರಟರೆ ಬೆಳ್ತಂಗಡಿಯನ್ನು ನಾನು ಯಾವುದರಲ್ಲಿ ಗೆಲ್ಲಬೇಕು?

ಆ ಶುಕ್ರವಾರ ಜುಮಾ ನಮಾಜು ಮುಗಿಸಿ ಯಾರಿಗೂ ಹೇಳದೆ ಮೂಡಬಿದಿರೆಗೆ ಹೋದೆ. ಲಿಲ್ಲಿ ಟೀಚರ್ ಜಗಲಿಯಲ್ಲಿ ಕೂರಿಸಿ ಶರಬತ್ತು ಕೊಟ್ಟರು. ಕುಡಿದೆ. ಗ್ಲಾಸು ಕೆಳಗಿಟ್ಟು ಹೇಳಿದೆ: "ಟೀಚರ್, ನನಗೆ ಒಪ್ಪಿಗೆಯೇ. ಆದ್ರೆ ಅವಳ ತಾಯಿಗೆ ಮನಸ್ಸಿಲ್ಲ. ಆ ಹೆಂಗಸು ನಿಮ್ಮ ಗೇಟಿನೆದುರು ಬಂದು ಗಲಾಟೆ ಮಾಡಿದ್ರೆ ನನ್ನನ್ನು ದೂರ್ಬೇಡಿ."

ಒಂಟಿಯಾಗಿರುವ ಮರ್ಯಾದಸ್ಥ ಹೆಂಗಸು. ಗಲಾಟೆ ಎಂಬ ಒಂದು ಶಬ್ದ ಸಾಕಾಯಿತು. ಮರುದಿನ ಮೈಮೂನಳಿಗೆ ಹೇಳಿದರು: "ಬೇಡ ಮಗಾ. ನಿನ್ನ ಅಮ್ಮನಿಗೆ ಇಷ್ಟ ಇಲ್ವಂತೆ."

ಅಂತೆ! ಯಾರು ಹೇಳಿದ್ದೆಂದು ಮಗಳು ಕೇಳಲಿಲ್ಲ. ಸೀದಾ ಬೆಳ್ತಂಗಡಿಗೆ ಫೋನ್ ಮಾಡಿದಳು. "ನಾನು ಯಾರ ಹತ್ರವೂ ಹಾಗೆ ಹೇಳ್ಲಿಲ್ಲ ಮಗಳೇ" ಎಂಬ ದನಿ ನನ್ನವರೆಗೂ ಕೇಳಿಸಿತು. ಮೈಮೂನ ನಂಬಲಿಲ್ಲ, ಬಾಯಿಗೆ ಬಂದದ್ದನ್ನೆಲ್ಲ ಅಂದು ಫೋನ್ ಇಟ್ಟಳು. ಬೆಳ್ತಂಗಡಿಯ ಬ್ಯಾಗನ್ನು ಬಿಚ್ಚಿ ಬಟ್ಟೆಗಳನ್ನು ನಮ್ಮ ಕಪಾಟಿಗೆ ತುಂಬಿಸಿದಳು. ಮತ್ತೆ ಆರು ವರ್ಷ ಬೆಳ್ತಂಗಡಿಗೆ ಹೋದದ್ದು ಹಬ್ಬಕ್ಕೆ ಮಾತ್ರ, ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್.

ಆಗ ನನಗೆ ಸಂತೋಷವಾಯಿತು. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಆ ಆರು ವರ್ಷ ಅವಳು ದಿನಾ ಬಂಟ್ವಾಳದಿಂದ ಮೂಡಬಿದಿರೆಗೆ ಬಸ್ಸಿನಲ್ಲಿ ಹೋಗಿ ಬಂದಳು. ನಮ್ಮ ಬಸ್ಸುಗಳ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂದು ಯಾವತ್ತಾದರೂ ನೋಡಿದ್ದೀರಾ? ಬೇರೆ ರೂಮು ಕೇಳಿದಲ್ಲೆಲ್ಲ ಒಂದೇ ಪ್ರಶ್ನೆ: "ಜೊತೆಗೆ ಯಾರಿದ್ದಾರೆ?" ಗಟ್ಟಿಮುಟ್ಟಾದ ಹುಡುಗನಿಗೆ ಈ ಪ್ರಶ್ನೆ ಕೇಳುತ್ತೇವೆಯೇ? ಅನ್ನ ಬೇಯಿಸಲು ಬಾರದ ಗಂಡಸಿಗೆ ಕೀ ಕೊಟ್ಟುಬಿಡುತ್ತೇವೆ. ತಿಂಗಳ ಸಂಬಳ ತರುವ, ಅಡುಗೆ ಬಲ್ಲ ಹುಡುಗಿಯ ಕಾಲು ನೋಡಿ ಬಾಗಿಲು ಹಾಕುತ್ತೇವೆ.

ಈ ವರ್ಷ ಲಿಲ್ಲಿ ಟೀಚರ್ ಅವರ ಹಿತ್ತಿಲಿನ ಅದೇ ಮನೆ ಖಾಲಿಯಾಯಿತು. ಮೈಮೂನ ಮತ್ತೆ ಹೋಗಿ ಕೇಳಿದಳು. ಟೀಚರ್ ಒಂದು ಷರತ್ತು ಹಾಕಿದರು. ಈ ಸಲ ತಂದೆ ತಾಯಿ ಇಬ್ಬರೂ ಒಟ್ಟಿಗೆ ಬಂದು ಎದುರಿನಲ್ಲೇ ಒಪ್ಪಿಗೆ ಹೇಳಬೇಕು.

ಬೆಳ್ತಂಗಡಿಯನ್ನು ಎದುರಿಗೆ ಕೂರಿಸಿ ಟೀಚರ್ ಹಳೆಯ ಮಾತು ಎತ್ತಿದರೆ? ಹೊಟ್ಟೆ ಸರಿಯಿಲ್ಲ ಎಂದು ನೋಡಿದೆ. "ಮಾತ್ರೆ ತಕೊಂಡು ಬನ್ನಿ" ಎಂದಳು ಮಗಳು.

ಅದೇ ಜಗಲಿ. ಅದೇ ಶರಬತ್ತು. ಬೆಂಚಿನ ಆ ತುದಿಯಲ್ಲಿ ಅವಳ ಉಮ್ಮ, ಈ ತುದಿಯಲ್ಲಿ ನಾನು, ನಡುವೆ ಮೈಮೂನ. ಟೀಚರ್ ಸುತ್ತಿ ಬಳಸಿ ಮಾತಾಡುವವರಲ್ಲ. ಕನ್ನಡಕ ಸರಿಮಾಡಿಕೊಂಡು ಸೀದಾ ಕೇಳಿದರು: "ಅಮ್ಮಾ, ಹೋದ ಸಲ ನೀವು ಬೇಡ ಅಂದ್ರಂತೆ. ಗಲಾಟೆ ಮಾಡ್ತೀರಿ ಅಂತಲೂ ಕೇಳಿದ್ದೆ. ಈಗ ಹೇಗೆ?"

ಅವಳು ಟೀಚರನ್ನು ನೋಡಿದಳು. ಆಮೇಲೆ ಮಗಳ ತಲೆಯ ಮೇಲಿಂದ ನನ್ನನ್ನು ನೋಡಿದಳು. ನಾನು ಗ್ಲಾಸಿನ ತಳ ನೋಡತೊಡಗಿದೆ. ಅಷ್ಟರಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು. ಬಾಯಿಬಿಟ್ಟರೆ ಆರು ವರ್ಷದ ಅಪವಾದ ಅಲ್ಲೇ ತೊಳೆದುಹೋಗುತ್ತಿತ್ತು. ಜೊತೆಗೆ ಜಗಳ ಹತ್ತಿ ಮಗಳ ಮನೆಯೂ ಹೋಗುತ್ತಿತ್ತು.

"ಹೌದು ಟೀಚರ್," ಎಂದಳು. "ಆಗ ಹೆದರಿಕೆಯಲ್ಲಿ ಬೇಡ ಅಂದಿದ್ದೆ. ಈಗ ಸಂತೋಷ ಉಂಟು. ಬಚ್ಚಲಲ್ಲಿ ಹಿಡ್ಕೊಳ್ಳಿಕ್ಕೆ ಗೋಡೆಗೆ ಒಂದು ಪೈಪು ಹಾಕಿಸಿ ಕೊಡಿ, ಅಷ್ಟೇ."

ಟೀಚರ್ ನಕ್ಕರು. ಮೈಮೂನ ಕೀ ತೆಗೆದುಕೊಂಡಳು. ನಾನು? ಶರಬತ್ತು ಕುಡಿದೆ.

ಭಾನುವಾರಕ್ಕೆ ಬರೋಣ. ಮಗಳ ಮನೆಗೆ ಮೊದಲ ಸಲ ಹೋದೆ. ಬಾಗಿಲು ತೆರೆದೇ ಇತ್ತು, ಕಾಲಿಟ್ಟೆ. "ಹೊರಗೆ ಹೋಗಿ ಉಪ್ಪ. ಬೆಲ್ ಒತ್ತಿ ಬನ್ನಿ!" ಒಳಗಿನಿಂದ ಕೂಗು. ನಾನು ಹೊರಗೆ ಹೋಗಿ, ಬಗ್ಗಿ, ಸೊಂಟದೆತ್ತರದ ಬೆಲ್ ಒತ್ತಿದೆ. ಬೆಲ್ಲಿನೊಳಗಿನ ಹಕ್ಕಿ ಕೂಗಿತು. "ಯಾರು?" ಎಂದಳು. "ಬಂಟ್ವಾಳ" ಎಂದೆ ಮಾರಾಯ್ರೇ! ಬಿದ್ದು ಬಿದ್ದು ನಕ್ಕಳು.

ಒಳಗೆ ಏನು ನೋಡಲಿ, ಏನು ಬಿಡಲಿ! ಸ್ವಿಚ್ಚುಗಳೆಲ್ಲ ಕೆಳಗೆ. ಕುಳಿತೇ ಅಡುಗೆ ಮಾಡುವಷ್ಟು ತಗ್ಗಿನ ಕಟ್ಟೆ. ಬಚ್ಚಲ ಗೋಡೆಯಲ್ಲಿ ಹೊಳೆಯುವ ಪೈಪು. ಸ್ಟೂಲಿನ ಮೇಲೆ ಕುಳಿತು ಚಾ ಮಾಡಿದಳು, ಒಂದು ಹನಿ ಚೆಲ್ಲಲಿಲ್ಲ. ಬಾಗಿಲ ಬಳಿ ಒಂದು ಜೊತೆ ಚಪ್ಪಲಿ. ನನ್ನ ಅಂಗಡಿಯದ್ದಲ್ಲ! ಎತ್ತಿ ನೋಡಿದೆ. ಒಂದೇ ತೊಗಲು, ಒಂದೇ ಬಣ್ಣ, ಒಂದೇ ಹೊಲಿಗೆ. ಬಲಗಾಲಿನದ್ದು ದೊಡ್ಡದು, ಎಡಗಾಲಿನದ್ದು ಚಿಕ್ಕದು.

"ಬಸ್ ಸ್ಟ್ಯಾಂಡಿನ ಹತ್ರ ಚಪ್ಪಲಿ ಹೊಲಿಯುವವರೊಬ್ಬರು ಅಳತೆ ತಕೊಂಡು ಮಾಡಿ ಕೊಟ್ರು."

ಇಷ್ಟು ವರ್ಷ ಎರಡೆರಡು ಜೊತೆ ಒಡೆದ ನನಗೆ ಇದು ಹೊಳೆಯಲೇ ಇಲ್ಲ. ಆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟೆ. ಶುಕ್ರವಾರ, ಶರಬತ್ತು, ಸುಳ್ಳು.

ಮೈಮೂನ ಊರುಗೋಲು ಹಿಡಿದು ಎದ್ದು ಬಾಗಿಲು ಪೂರ್ತಿ ತೆರೆದಳು.

"ನನ್ನ ಹತ್ರ ಹೇಳಿದ್ರಿ, ಆಯ್ತು. ಉಮ್ಮನ ಹತ್ರ ನಾನು ಆಡಿದ ಮಾತುಗಳನ್ನು ಈಗ ಎಲ್ಲಿಗೆ ತಕೊಂಡು ಹೋಗ್ಲಿ? ಬೆಳ್ತಂಗಡಿ ಬಸ್ಸು ಎಲ್ಲಿ ನಿಲ್ತದೆ ಗೊತ್ತುಂಟಲ್ಲ? ಹೋಗಿ ಅಲ್ಲಿ ಹೇಳಿ ಬನ್ನಿ. ಅಲ್ಲಿಯವರೆಗೆ ಈ ಬೆಲ್ ಒತ್ಬೇಡಿ."

ಚಾ ಅರ್ಧ ಉಳಿದಿತ್ತು. ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಟೀಚರಿಗೂ ನಿಂತಲ್ಲೇ ತಪ್ಪೊಪ್ಪಿಕೊಂಡೆ. "ಸಾಹೇಬ್ರೇ, ನನ್ನ ಕ್ಲಾಸಿನಲ್ಲಾಗಿದ್ರೆ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ" ಎಂದರು. ನಿಲ್ಲಿಸಬೇಕಾದ್ದೇ.

ಬಸ್ ಸ್ಟ್ಯಾಂಡಿಗೆ ಬಂದೆ. ಬೆಳ್ತಂಗಡಿ ಬಸ್ಸು ಬಂತು. ಹೋಯಿತು. ಇನ್ನೊಂದು ಬಂತು. ಕಂಡಕ್ಟರ್ "ಹತ್ತುದಾ ಇಲ್ವಾ ಅಜ್ಜ?" ಎಂದು ಎರಡು ಸಲ ಕೇಳಿದ. ಅಷ್ಟು ಎತ್ತರದ ಮೆಟ್ಟಿಲು ನನ್ನಿಂದ ಹತ್ತಲಾಗಲಿಲ್ಲ. ಬಂಟ್ವಾಳದ ಬಸ್ಸಿನ ಮೆಟ್ಟಿಲೂ ಅಷ್ಟೇ ಎತ್ತರ, ಅದನ್ನು ಹತ್ತಿದೆ.

ಮಗಳಿಗೆ ಹೇಳಿದೆ, ಟೀಚರಿಗೆ ಹೇಳಿದೆ, ಈಗ ನಿಮಗೂ ಹೇಳಿದೆ. ಹೇಳದೆ ಉಳಿದದ್ದು ಬೆಳ್ತಂಗಡಿಗಲ್ಲ, ಅಲ್ಲಿರುವ ಒಬ್ಬಳಿಗೆ. ಹದಿನಾರು ವರ್ಷದಿಂದ ನನ್ನ ನಾಲಿಗೆಗೆ ಬಾರದ ಅವಳ ಹೆಸರು ನಫೀಸಾ.