ತಿರುಗಿ ನೋಡಿದ ಗಿಡುಗ

ಪಾಸ್‌ಪೋರ್ಟ್ ಫೋಟೋ ತೆಗೆಯುವವನ ಕೈ ಹಿಡಿದ ಮೇಲೆ ಆಕೆಗೆ ಎರಡು ಕೆಲಸ ಗಂಟುಬಿದ್ದವು. ಒಂದು, ಸ್ಟುಡಿಯೋದ ಪರದೆಯ ಹಿಂದೆ ಕೂತು ಊರಿನವರ ಮುಖಗಳನ್ನು ಅಳತೆಗೆ ಕತ್ತರಿಸುವುದು. ಇನ್ನೊಂದು, ಗಿಡುಗಕ್ಕೆ ಟೋಪಿ ಹಾಕುವುದು.

ಗಂಡನಿಗೆ ಮನುಷ್ಯರ ಮುಖ ಅನ್ನ, ಬೇಟೆಹಕ್ಕಿಯ ಮುಖ ಪ್ರಾಣ. ಊರಾಚೆಯ ಜೌಗಿನಲ್ಲಿ, ಆಳೆತ್ತರದ ಜೊಂಡಿನ ನಡುವೆ ಗೂಡು ಕಟ್ಟುವ ಗಿಡುಗದ ಒಂದೇ ಒಂದು ಒಳ್ಳೆಯ ಫೋಟೋ ತೆಗೆದು ಸಾಯಬೇಕು ಅನ್ನುತ್ತಿದ್ದ. ಅದಕ್ಕೆ ಗೂಡಿನ ಹತ್ತಿರ ಹಸಿರು ಬಟ್ಟೆಯ ಮರೆ ಕಟ್ಟಿ ಒಳಗೆ ಅಡಗಿ ಕೂರಬೇಕು. ಮನುಷ್ಯ ಒಳಹೊಕ್ಕಿದ್ದನ್ನು ಕಂಡರೆ ಗಿಡುಗ ಗೂಡಿಗೆ ಇಳಿಯುವುದಿಲ್ಲ. ಆದರೆ ಅದರ ಕಣ್ಣು ಎಷ್ಟು ಚುರುಕೋ ಲೆಕ್ಕ ಅಷ್ಟೇ ಮಂಕು. ಇಬ್ಬರು ಹೋಗಿ ಒಬ್ಬರು ವಾಪಸು ಬಂದರೆ ಸಾಕು, ಪೀಡೆ ತೊಲಗಿತು ಎಂದು ನಂಬಿಬಿಡುತ್ತದೆ. ಆ ತೊಲಗುವ ಪೀಡೆ ಈಕೆ. ಕೆಸರಿನಲ್ಲಿ ಜೊತೆಗೆ ಹೋಗಿ, ಅವನನ್ನು ಕೂರಿಸಿ, ಗಿಡುಗಕ್ಕೆ ಕಾಣುವ ಹಾಗೆ ಕೈಬೀಸಿಕೊಂಡು ವಾಪಸು ನಡೆಯುತ್ತಿದ್ದಳು. ಮದುವೆಯಾದ ಮೇಲೆ ಇಬ್ಬರೂ ಜೋಡಿಯಾಗಿ ತಿರುಗಾಡಿದ್ದೆಂದರೆ ಆ ಕೆಸರಿನಲ್ಲೇ ಎಂದು ನಾದಿನಿಯ ಹತ್ತಿರ ನಗುತ್ತಿದ್ದಳು.

ಹೀಗೇ ಒಂದು ಬೆಳಿಗ್ಗೆ ವಾಪಸು ಬರುವಾಗ, ಜೌಗಿನ ಮೇಲೆ ಹಾಸಿದ್ದ ಹಳೇ ಹಲಗೆ ಮುರಿದು ಕಾಲು ಕೆಳಗಿನ ದಿಮ್ಮಿಗಳ ಸಂದಿಗೆ ಸಿಕ್ಕಿಕೊಂಡಿತು. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ನೀರು ಎದೆಮಟ್ಟ, ಅಡಿಯಲ್ಲಿ ಕೆಸರು ಎಳೆಯುತ್ತಿತ್ತು. ಗಂಡನನ್ನು ಕೂಗಿದಳು. ಉತ್ತರವಿಲ್ಲ. ಉಸಿರು ಕೂಡಿಸಿಕೊಂಡು ಮತ್ತೆ ಮತ್ತೆ ಕೂಗಿದಳು. ನಾಲ್ಕನೆಯ ಸಲಕ್ಕೆ ನೀರು ಗಲ್ಲ ಮುಟ್ಟಿತ್ತು. ಆಮೇಲೆ ಅವನು ಜೊಂಡು ಸೀಳಿಕೊಂಡು ಓಡಿಬಂದ. ಗಾಳಿಗೆ ಜೊಂಡಿನದೇ ಸದ್ದು, ಕೊನೆಯ ಕೂಗೊಂದೇ ಕಿವಿಗೆ ಬಿದ್ದದ್ದು ಎಂದ. ನಂಬಿದಳು. ಹೊತ್ತುಕೊಂಡು ಬಂದವನೂ ಅವನೇ ತಾನೆ.

ಕಾಲು ಸೊಟ್ಟಗೆ ಕೂಡಿಕೊಂಡಿತು. ಕಣ್ಣು ಎಲ್ಲಿಟ್ಟುಕೊಂಡು ನಡೆದಿದ್ದಳಂತೆ ಎಂದು ಅತ್ತೆ ಕೇಳಿದರು. ಆಕೆ ಮಾತ್ರ ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು, ಕೊನೇ ಕೂಗಿಗಾದರೂ ಓಡಿ ಬಂದರಲ್ಲ ಎಂದು. ಅವಳ ಸಂಸಾರ ನಿಂತದ್ದೇ ಆ ಮಾತಿನ ಮೇಲೆ.

ಅವತ್ತಿನ ಫೋಟೋಗೆ ಬಹುಮಾನ ಬಂತು. ಮರಿಗಳ ಮೇಲೆ ರೆಕ್ಕೆ ಹರಡಿದ ತಾಯಿ ಗಿಡುಗ, ಕತ್ತಿನ ಪುಕ್ಕ ನಿಮಿರಿಸಿ, ಪಕ್ಕಕ್ಕೆ ತಿರುಗಿ ಏನನ್ನೋ ನೋಡುತ್ತಿದೆ. ಗಂಡ ಅದನ್ನು ಬಾಗಿಲಗಲ ಮಾಡಿಸಿ ಸ್ಟುಡಿಯೋದ ಗೋಡೆಗೆ ಹಾಕಿದ. ಹಕ್ಕಿ ತಿರುಗಿದ ದಿಕ್ಕನ್ನು ಆಕೆ ನೋಡಿದ ಕೂಡಲೇ ಗುರುತು ಹಿಡಿದಳು. ಹಲಗೆಯ ದಾರಿ ಇರುವುದು ಆ ಕಡೆಗೇ. ಕೊನೆಯ ಕೂಗಿಗೇ ತಿರುಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕತ್ತರಿ ಹಿಡಿದಳು.

ಬಹುಮಾನ ಕೊಟ್ಟ ಸಂಘದವರೊಬ್ಬರು ಒಂದು ದಿನ ಸ್ಟುಡಿಯೋಗೆ ಬಂದರು. ಹಕ್ಕಿ ಇಷ್ಟು ಸೊಗಸಾಗಿ ತಿರುಗಿದ್ದು ಹೇಗೆ ಎಂದು ಕೇಳಿದರು. ಗಂಡ ಹೊಗಳಿದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕುವ ಆಸಾಮಿ, ಉಬ್ಬಿಹೋದ.

“ದೂರದಲ್ಲಿ ಯಾರೋ ಕೂಗಿದ್ರು ಸಾರ್. ಮೊದಲ್ನೇ ಕೂಗಿಗೆ ಬರೀ ಕಣ್ಣು ಹೊರಳಿಸ್ತು. ಎರಡ್ನೇದಕ್ಕೆ ಕತ್ತು ಎತ್ತಿತು. ಇನ್ನೊಂದು ಸಲ ಕೂಗಿದ್ರೆ ಪೂರ್ತಿ ತಿರುಗತ್ತೆ ಅಂತ ಗೊತ್ತಾಯ್ತು. ಕಾದೆ. ತಾಳ್ಮೆ ಬೇಕು ಸಾರ್ ಈ ಕೆಲಸಕ್ಕೆ.”

ಪರದೆಯ ಹಿಂದೆ ಕತ್ತರಿ ದಾರಿ ತಪ್ಪಿ ಯಾರದೋ ಕಿವಿಯ ಮೇಲೆ ಹಾಯ್ದಿತ್ತು. ಆಕೆ ಕಾಲೆಳೆಯುತ್ತ ಹೊರಗೆ ಬಂದಳು. ಬಂದವರು ಆ ಕಾಲು ನೋಡಿ, ಪಾಪ, ಎದ್ದು ಕುರ್ಚಿ ಬಿಟ್ಟುಕೊಟ್ಟರು. ಆಕೆ ಕೂರಲಿಲ್ಲ.

“ನಾಲ್ಕನೇ ಸಲಾನೂ ಕೂಗಿದ್ದೆ ಕಣ್ರೀ,” ಎಂದಳು ಗಂಡನಿಗೆ. “ಆಗ ಹಕ್ಕಿ ಏನು ಮಾಡ್ತು?”

ಹೊಗಳಿಕೆಯ ಅಮಲು ಅವನಿಗಿನ್ನೂ ಇಳಿದಿರಲಿಲ್ಲ. ಫೋಟೋದಿಂದ ಕಣ್ಣು ಕೀಳದೆ ಹೇಳಿದ.

“ಹಾರಿಹೋಯ್ತಲ್ಲ. ಇಲ್ದಿದ್ರೆ ನಾನ್ಯಾಕೆ ಎದ್ದು ಬರ್ತಿದ್ದೆ?”