ಮಂಡಿಗೊಂದು ಚಿಲಕ

ನನಗೆ ಸಿಟ್ಟು ಬೇಗ ಬರುತ್ತದೆ. ಹೊಳೆನರಸೀಪುರದಲ್ಲಿ ನನ್ನ ಹತ್ತಿರ ಗಣಿತ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವರು ತಪ್ಪು ಬರೆದ ಭಿನ್ನರಾಶಿಗಳದ್ದಲ್ಲ, ನನ್ನ ಎಡಮಂಡಿಯ ಅಕ್ಕಪಕ್ಕದಲ್ಲಿದ್ದ ಎರಡು ಕಬ್ಬಿಣದ ಉಂಗುರಗಳದ್ದು ಎಂಬುದು ಆ ಬಡಪಾಯಿಗಳಿಗೆ ಗೊತ್ತಿಲ್ಲ.

ಎರಡು ವರ್ಷದವಳಿದ್ದಾಗ ಬಂದ ಪೋಲಿಯೊ ಎಡಗಾಲಿನ ಬಲವನ್ನು ಕಿತ್ತುಕೊಂಡು ಹೋಯಿತು. ಅಂದಿನಿಂದ ಕ್ಯಾಲಿಪರ್ ಕಟ್ಟಿಕೊಂಡೇ ನನ್ನ ಓಡಾಟ. ತೊಡೆಯಿಂದ ಬೂಟಿನವರೆಗೆ ಎರಡು ಕಬ್ಬಿಣದ ಪಟ್ಟಿ, ಅವನ್ನು ಕಾಲಿಗೆ ಬಿಗಿಯಲು ಚರ್ಮದ ಬೆಲ್ಟು, ಮಂಡಿಯ ಹತ್ತಿರ ಎರಡೂ ಪಟ್ಟಿಗೆ ಒಂದೊಂದು ಕೀಲು. ಎದ್ದು ನಿಂತರೆ ಉಂಗುರಗಳು ಜಾರಿ ಕೀಲಿನ ಮೇಲೆ ಬೀಳುತ್ತವೆ. ಕಾಲು ಕೋಲಿನಂತೆ ನೆಟ್ಟಗಾಗುತ್ತದೆ. ಕೂರಬೇಕಾದರೆ ಎರಡನ್ನೂ ಒಟ್ಟಿಗೆ ಮೇಲೆತ್ತಬೇಕು, ಅಂದರೆ ಎರಡು ಕೈ ಬೇಕು. ಇದನ್ನು ಕಂಡುಹಿಡಿದ ಮಹಾನುಭಾವ ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು ಎಂದೂ ನಿಂತಿರಲಾರ.

ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಅರಕಲಗೂಡಿಗೆ ಹೊರಟಿದ್ದೆ. ಸೀಟೇನೋ ಸಿಕ್ಕಿತು, ಉಂಗುರ ಎತ್ತುವ ಮೊದಲೇ ಬಸ್ಸು ಹೊರಟುಬಿಟ್ಟಿತು. ಕಂಬಿ ಬಿಟ್ಟರೆ ಬೀಳುವ ಭಯ, ಕಾಲನ್ನು ದಾರಿಗೆ ಅಡ್ಡ ಚಾಚಿಯೇ ಕೂತೆ. ತಿರುವಿನಲ್ಲಿ ಶುಂಠಿಚೀಲ ಹಿಡಿದು ಬರುತ್ತಿದ್ದ ಮುದುಕರೊಬ್ಬರು ನನ್ನ ಕಾಲಿಗೆ ಎಡವಿ ಬಿದ್ದರು. ಹಣೆ ಒಡೆಯಿತು.

"ಕಾಲ್ ಮಡಚ್ಕೊಂಡ್ ಕೂತ್ಕೊಳಕ್ಕೇನಮ್ಮಾ ನಿಂಗೆ?" ಎಂದು ಕಂಡಕ್ಟರ್ ಕಿರುಚಿದ. ಸೀರೆ ಸರಿಸಿ ಕಬ್ಬಿಣ ತೋರಿಸಿದೆ. ಅವನು ನಾಲಿಗೆ ಕಚ್ಚಿಕೊಂಡು "ಅಯ್ಯೋ ಪಾಪ" ಎಂದ.

ಬಿದ್ದ ಮುದುಕರೂ ರಕ್ತ ಒರೆಸಿಕೊಳ್ಳುತ್ತ, "ಇರ್ಲಿ ಬುಡವ್ವ, ನಿಂದೇನ್ ತೆಪ್ಪು" ಎಂದರು.

ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಇಡೀ ಬಸ್ಸು ಕನಿಕರಪಟ್ಟರೆ ಏನು ಮಾಡಲಿ? ಅರಕಲಗೂಡು ಬರುವಷ್ಟರಲ್ಲಿ ನನ್ನ ಸಿಟ್ಟಿಗೊಂದು ನಕ್ಷೆ ಸಿದ್ಧವಾಗಿತ್ತು. ಒಂದೇ ಕೈಗೆ ಬಿಚ್ಚಿಕೊಳ್ಳುವ ಕೀಲು ಬೇಕು. ಅದು ಹಗುರವಾಗಿರಬೇಕು. ಕೀಲೂ ಅದೇ, ಚಿಲಕವೂ ಅದೇ ಆಗಿರಬೇಕು.

ಯೋಚಿಸಿದರೆ ನಮ್ಮ ಭಾಷೆ ಈ ಕೆಲಸವನ್ನು ಎಂದೋ ಅರ್ಧ ಮುಗಿಸಿಟ್ಟಿದೆ. ತಿರುಗುವುದು ಕೀಲು, ಉತ್ತರದ ಕಡೆಯವರು ಬೀಗಕ್ಕೆ ಅನ್ನುವುದು ಕೀಲಿ. ಒಂದು ಗುಡಿಸಿನ ಅಂತರ ಅಷ್ಟೆ. ವೈಯಾಕರಣಿಗಳು ಇವೆರಡರ ನೆಂಟಸ್ತಿಕೆಯನ್ನು ಏನೆನ್ನುತ್ತಾರೋ ತಿಳಿಯದು, ನಾನಂತೂ ಆ ಅಂತರವನ್ನೂ ಅಳಿಸಲು ಗ್ರಾಫ್ ಹಾಳೆ ಹಿಡಿದು ಹಾಸನದ ಲೇತ್ ಶಾಪಿಗೆ ಹೋದೆ.

ಅಂಗಡಿ ರುದ್ರೇಶನದು. ಟಿಲ್ಲರ್, ಶುಂಠಿ ತೊಳೆಯುವ ಯಂತ್ರ ಇವುಗಳ ಬಿಡಿಭಾಗ ಮಾಡಿಕೊಡುವವನು. ನನ್ನ ನಕ್ಷೆ ಸರಳವಾಗಿತ್ತು. ಕೀಲಿನ ಪಿನ್ನು ಅರ್ಧ ಚೌಕ, ಅರ್ಧ ದುಂಡು. ಚೌಕದ ಭಾಗ ಚೌಕದ ತೂತಿನಲ್ಲಿ ಕೂತರೆ ಕಾಲು ಮಡಚದು. ಪಿನ್ನನ್ನು ಎಳೆದರೆ ದುಂಡು ಭಾಗ ಅಲ್ಲಿಗೆ ಬಂದು ಮಡಚುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಮತ್ತೆ ಒಳಗೆ ತಳ್ಳುತ್ತದೆ.

"ಯಾರಾದ್ರೂ ಇಂಜಿನಿಯರ್ ಬರ್ಕೊಟ್ರಾ ಮೇಡಂ?" ಎಂದು ಕೇಳಿದ.

"ಯಾಕೆ, ಚೌಕ ಅವರಪ್ಪನ ಮನೆ ಆಸ್ತೀನಾ?" ಎಂದೆ.

ಅವನು ಮಾಡಿಕೊಟ್ಟ. ಕಟ್ಟಿಕೊಂಡರೆ ಹಳೆಯದಕ್ಕಿಂತ ಭಾರ! ರೇಗಿದೆ.

"ಗಟ್ಟಿ ಇರ್ಲಿ ಅಂತ ಕಬ್ಬಿಣದಲ್ಲೇ ಮಾಡ್ದೆ. ಮುರುದ್ರೆ ಬೀಳೋರು ನೀವಲ್ವಾ?"

"ಹೊತ್ಕೊಂಡು ತಿರುಗೋಳೂ ನಾನೇ ಕಣಪ್ಪ!"

ಹಾಗೆಂದು ಕುರ್ಚಿಯಲ್ಲಿ ಕೂತೆ. ಮಂಡಿ ಲಂಬಕೋನಕ್ಕೆ ಬಂದಿದ್ದೇ ತಡ, ಟಕ್ ಎಂದು ಬೀಗ ಬಿತ್ತು. ಈಗ ಏಳುವಂತಿಲ್ಲ. ರುದ್ರೇಶ ತಲೆ ಕೆರೆದುಕೊಂಡು, "ಚೌಕ ನಾಕ್ ಕಡೆಯಿಂದ್ಲೂ ಒಂದೇ ಅಲ್ವಾ ಮೇಡಂ?" ಎಂದ. ಇಷ್ಟು ವರ್ಷ ಲೆಕ್ಕ ಹೇಳಿದವಳ ಮಾನ ಅಲ್ಲಿ ಕಬ್ಬಿಣದ ಚೂರುಗಳ ನಡುವೆ ಬಿದ್ದುಹೋಯಿತು.

ಎರಡನೆಯದನ್ನು ಅಲ್ಯೂಮಿನಿಯಂನಲ್ಲಿ ಮಾಡಿದ. ಪಿನ್ನು, ತೂತಿನ ಒಳಗೋಡೆ ಮಾತ್ರ ಉಕ್ಕು. ಚೌಕದ ಬದಲು ದುಂಡು ಪಿನ್ನಿಗೆ ಒಂದೇ ಹಲ್ಲು. ಎರಡೂ ಪಿನ್ನಿಗೆ ಮೊಪೆಡ್ಡಿನ ಬ್ರೇಕ್ ವೈರ್ ಕಟ್ಟಿ, ಅದರ ಕುಣಿಕೆಯನ್ನು ನನ್ನ ಸೊಂಟದವರೆಗೆ ತಂದ. ಒಂದು ಬೆರಳಲ್ಲಿ ಎಳೆದರೆ ಸಾಕು. ಅಂಗಡಿಯಲ್ಲೇ ಎಷ್ಟು ಸಲ ಕೂತೆನೋ, ಎಷ್ಟು ಸಲ ಎದ್ದೆನೋ!

ಹದಿನೈದು ದಿನ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಒಂಬತ್ತನೇ ತರಗತಿಯಲ್ಲಿ ಬೋರ್ಡಿನಿಂದ ತಿರುಗಿದಾಗ ಆ ಕುಣಿಕೆ ಮೇಜಿನ ಡ್ರಾಯರಿನ ಹಿಡಿಗೆ ಸಿಕ್ಕಿಕೊಂಡಿತು. ಕೀಲು ಬಿಚ್ಚಿತು. ಬಿದ್ದ ಏಟಿಗೆ ಮಣಿಕಟ್ಟು ಮುರಿಯಿತು. ಮಕ್ಕಳು ನಗಲಿಲ್ಲ. ಒಬ್ಬಳು ಅಳುತ್ತ ಬಂದು ನನ್ನ ಸೆರಗು ಸರಿಮಾಡಿದಳು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಾಸನಕ್ಕೆ ಹೋದರೆ ರುದ್ರೇಶನ ಮುಖ ಬಿಳಿಚಿತು. "ಬ್ಯಾಡ ಮೇಡಂ, ಹಳೇದೇ ಆಕ್ಕೊಳಿ. ನಂಗೀ ಪಾಪ ಬ್ಯಾಡ."

ಮತ್ತೆ ಪಾಪ! ಅರ್ಥ ಬೇರೆಯಾದರೂ ಕೇಳಿದ ಕಿವಿ ಅದೇ. "ಬೀಳೋದು ನನಗೆ ಹೊಸದಲ್ಲ. ನಿನಗೆ ಹೆದರಿಕೆ ಆದರೆ ಹೇಳು, ಬೇರೆ ಅಂಗಡಿ ನೋಡ್ಕೋತೀನಿ," ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ.

ಅವನಿಗೂ ಸಿಟ್ಟು ಬಂತು. "ಎದ್ರಿಕೆ ಆಗ್ದೆ ಇದ್ದೋನು ಇಂತಾದ್ನ ಮಾಡ್ಲೇಬಾರ್ದು ಮೇಡಂ!"

ಆ ಮಾತು ಸರಿಯಾಗಿತ್ತು.

ಎದುರಿಗೆ ತೆಂಗಿನಕಾಯಿ ತುಂಬಿದ ಟೆಂಪೊ ನಿಂತಿತ್ತು. ಡ್ರೈವರ್ ಹಿಂಬಾಗಿಲ ಚಿಲಕ ಎಳೆದ, ಬರಲಿಲ್ಲ. ಕಾಯಿಯ ಭಾರವೆಲ್ಲ ಬಾಗಿಲಿಗೆ ಒರಗಿತ್ತು. ಭುಜ ಕೊಟ್ಟು ಬಾಗಿಲನ್ನು ಒಳಕ್ಕೆ ಒತ್ತಿ ಮತ್ತೆ ಎಳೆದ, ಬಂತು. ರುದ್ರೇಶ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ಜಗಳ ಮರೆತೆವು.

ಪಿನ್ನಿನ ಹಲ್ಲಿಗೆ ಒಂದು ಸಣ್ಣ ಕಚ್ಚು ಕೊರೆದ. ಕಾಲಿನ ಮೇಲೆ ಮೈಭಾರ ಇರುವಷ್ಟು ಹೊತ್ತು ಅದು ತೂತಿನ ಅಂಚನ್ನು ಕಚ್ಚಿ ಹಿಡಿಯುತ್ತದೆ; ಆನೆ ಎಳೆದರೂ ಬಿಚ್ಚದು. ಭಾರವನ್ನು ಬಲಗಾಲಿಗೆ ಬಿಟ್ಟು, ಎಡಮಂಡಿಯನ್ನು ತುಸು ಹಿಂದಕ್ಕೊತ್ತಿ ಎಳೆದರೆ ಬಿಚ್ಚುತ್ತದೆ. ಮೊದಲು ತಾನೇ ಕಟ್ಟಿಕೊಂಡು ಅಂಗಡಿ ತುಂಬ ಕುಂಟಿ, ಕುಣಿಕೆ ಜಗ್ಗಿ ನೋಡಿ, ಆಮೇಲೇ ನನ್ನ ಕೈಗೆ ಕೊಟ್ಟ.

ಪ್ಲಾಸ್ಟರ್ ಬಿಚ್ಚಿದ ವಾರವೇ ಚನ್ನರಾಯಪಟ್ಟಣದಲ್ಲೊಂದು ಮದುವೆ. ಇಂಥ ಕಡೆ ಬೆಂಚು ಮೇಜಿನ ಸಂದಿಯಲ್ಲಿ ಬಗ್ಗಿ ಉಂಗುರ ಎತ್ತಲಾಗದೆ ನನಗೆ ಊಟದ ಸಾಲಿನಲ್ಲಿ ಜಾಗವಿರುತ್ತಿರಲಿಲ್ಲ. "ಟೀಚರ್‌ಗೆ ಅಲ್ಲೇ ಬಡಿಸ್ಬುಡಿ" ಎಂದು ಗೋಡೆ ಪಕ್ಕ ಕುರ್ಚಿ ಹಾಕಿ, ತೊಡೆಯ ಮೇಲೆ ತಟ್ಟೆ ಇಡುತ್ತಿದ್ದರು. ಆವತ್ತು ನೇರ ಸಾಲಿಗೆ ಹೋದೆ. ಕುಣಿಕೆ ಎಳೆದೆ, ಟಕ್ ಎಂದಿತು, ಕಾಲು ಮೇಜಿನಡಿ ಮಡಚಿಕೊಂಡಿತು. ಹೆಮ್ಮೆಯಿಂದ ಸುತ್ತ ನೋಡಿದೆ. ಒಬ್ಬರಾದರೂ ನನ್ನತ್ತ ನೋಡಬಾರದೇ? ಎಲ್ಲರ ಕಣ್ಣೂ ಪಾಯಸ ಬರುವ ದಿಕ್ಕಿನಲ್ಲಿ. ಮೈ ಉರಿಯಿತು.

ಅಷ್ಟರಲ್ಲಿ ದಪ್ಪನೆಯ ಹೆಂಗಸೊಬ್ಬಳು ಬಂದು ಮೊಣಕೈಯಿಂದ ತಿವಿದಳು. "ಒಸಿ ಸರ್ಕೊಳವ್ವ ಅತ್ಲಾಗೆ. ನೀನೊಬ್ಳೇ ಕೂರಕ್ಕಾ ಬೆಂಚು?"

ನನ್ನ ಐವತ್ತು ವರ್ಷಗಳ ಆಯುಷ್ಯದಲ್ಲಿ ಯಾರೂ ನನಗೆ ಸರಿದುಕೋ ಎಂದಿರಲಿಲ್ಲ. ಕಣ್ಣು ತುಂಬಿಬಂತು. ತೋರಿಸಿಕೊಳ್ಳದೆ, ಸರಿಯಾಗಿ ನಾಲ್ಕು ಮಾತು ಅಂದು, ಸರಿದು ಕೂತೆ.