ಬಿಸಿನೀರಿಗೆ ಬಾಡಿದ ಕಳೆ

ಮಧುಗಿರಿಯಲ್ಲಿ ನಮ್ಮ ಮನೆ ಊರಿನ ಅಂಚಿಗಿದೆ. ಎರಡು ಹದಮಳೆ ಬಿದ್ದರೆ ಹಿತ್ತಲಲ್ಲಿ ಪಾರ್ಥೇನಿಯಂ ಮೊಣಕಾಲು ಮುಟ್ಟುತ್ತದೆ. ಅದರ ಸಂದಿಯಲ್ಲಿ ಗರಿಕೆ, ಮುಳ್ಳುಹರಿವೆ. ಗೊಬ್ಬರ-ಔಷಧಿ ಅಂಗಡಿಯವನು, "ಒಂದು ಪಂಪು ಹೊಡೀರಿ ಸಾರ್, ಆಮೇಲೆ ಆ ಕಡೆ ತಿರುಗಿ ನೋಡ್ಬೇಡಿ" ಎಂದಿದ್ದ. ಆದರೆ ನಮ್ಮ ಕೊಳವೆಬಾವಿ ಇರುವುದು ಅದೇ ಹಿತ್ತಲಲ್ಲಿ, ಮಗಳು ಆಡುವುದೂ ಅದೇ ಮಣ್ಣಿನಲ್ಲಿ. ವಿಷ ಬೇಡವೆಂದು ಹೆಂಡತಿಯೂ ನಾನೂ ತೀರ್ಮಾನಿಸಿದೆವು.

ಬೇರೆ ದಾರಿ ಹುಡುಕುವುದು ನನ್ನ ಪಾಲಿಗೆ ಬಂತು. ಪತ್ರಿಕೆಗೆ ವರದಿ ಮಾಡುವವನಿಗೆ ನಾಲ್ಕು ಜನರನ್ನು ಕೇಳುವುದು ಅಭ್ಯಾಸ. ಉಪ್ಪು ಸುರಿಯಿರಿ ಎಂದವರ ಮಾತು ಬಿಟ್ಟೆ. ಉಪ್ಪು ಕುಡಿದ ನೆಲದಲ್ಲಿ ಆಮೇಲೆ ಬೇಕಾದ ಗಿಡವೂ ಏಳುವುದಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ನೆಲ ಇನ್ನೂ ಹಸಿಯಿದ್ದಾಗ, ಹೂ ಬಿಡುವ ಮೊದಲೇ ಪಾರ್ಥೇನಿಯಂ ಬೇರುಸಹಿತ ಕಿತ್ತೆ. ಕಿತ್ತ ಜಾಗಕ್ಕೆ ತೆಂಗಿನ ಗರಿ ಹೊದಿಸಿದೆ. ಕಾಂಪೌಂಡಿನ ಕಲ್ಲುಗಳ ಸಂದಿಗೆ ಮಾತ್ರ ಕೈ ಹೋಗುತ್ತಿರಲಿಲ್ಲ. ಅಲ್ಲಿಗೆ ಬಚ್ಚಲ ಹಂಡೆಯಲ್ಲಿ ಉಳಿದ ನೀರನ್ನೇ ಕುದಿಸಿ ಹುಯ್ದೆ.

"ನಾನು ಒಂದು ಚೊಂಬು ಬಿಸಿನೀರು ಕೇಳಿದ್ರೆ ಸೌದೆ ಇಲ್ಲ ಅಂತೀರಿ. ಕಳೆಗೆ ಅಭ್ಯಂಜನ ನಡೀತಿದೆ," ಎಂದಳು ಹೆಂಡತಿ.

ಎರಡು ದಿನಕ್ಕೆ ಗೋಡೆಯುದ್ದಕ್ಕೂ ಹುಲ್ಲು ಹಳದಿಯಾಗಿ ಒರಗಿತು.

ನಮ್ಮ ಕಡೆ ಹೊಲದ ಬದುವಿಗೆ ಕಳೆನಾಶಕ ಹೊಡೆದವರು ಖಾಲಿ ಡಬ್ಬಿಯನ್ನು ಕೋಲಿಗೆ ಸಿಕ್ಕಿಸಿ ಅಲ್ಲೇ ನೆಡುತ್ತಾರೆ. ಕುರಿ ಮೇಯಿಸುವವರಿಗೆ ಅದು ಎಚ್ಚರಿಕೆ. ಡಬ್ಬಿ ಕಾಣದೆ ಹುಲ್ಲು ಹಳದಿಯಾಗಿದ್ದರೆ, ಹೊಡೆದವರು ಮೋಸ ಮಾಡಿದ್ದಾರೆಂದೇ ಲೆಕ್ಕ. ಪಕ್ಕದ ಮನೆಯ ಅಕ್ಕ ಕುರಿ ಕಾಯುವ ಮನೆತನದವರು. ಹಿಂದಿನ ವರ್ಷ ಅಂಥದೊಂದು ಬದುವಿನಲ್ಲಿ ಮೇದ ಅವರ ಎರಡು ಕುರಿ ಸತ್ತಿದ್ದವು. ಕಾರಣ ಔಷಧಿಯೇ ಎಂದು ಯಾರೂ ಪರೀಕ್ಷಿಸಿ ಹೇಳಿರಲಿಲ್ಲ, ಅಕ್ಕನಿಗೆ ಅನುಮಾನವಿರಲಿಲ್ಲ. ಈಗ ಉಳಿದಿದ್ದುದು ತವರು ತಾವರೆಕೆರೆಯಿಂದ ತಂದ ಒಂದೇ ಹೆಣ್ಣುಕುರಿ. ಚೊಚ್ಚಲ ಗಬ್ಬ.

ಒಂದು ಭಾನುವಾರ ಮಧ್ಯಾಹ್ನ ಅದು ನಮ್ಮ ಗೇಟು ತಳ್ಳಿಕೊಂಡು ಬಂದು ಗೋಡೆ ಬದಿಯ ಹುಲ್ಲು ಮೇದಿತ್ತು. ಅಕ್ಕ ಅದರ ಕೊರಳಿಗೆ ಸೆರಗು ಸುತ್ತಿ ಎಳೆದುಕೊಂಡು ನನ್ನ ಮುಂದೆ ನಿಂತರು.

"ಪೇಪರಣ್ಣ, ಡಬ್ಬಿ ಕೊಡಿ."

"ಯಾವ ಡಬ್ಬಿ ಅಕ್ಕ?"

"ಹುಲ್ಲಿಗೆ ಹೊಡ್ದಿದ್ದೀರಲ್ಲ, ಅದ್ರುದ್ದು. ಏನ್ ತಿಂತು ಅಂತ ಡಾಕ್ಟ್ರು ಕೇಳ್ತಾರೆ. ಹೋದ್ಸಲ ಹೇಳಾಕ್ ಗೊತ್ತಾಗ್ದೆ ಸುಮ್ಕೆ ನಿಂತಿದ್ದೆ."

"ಏನೂ ಹೊಡೆದಿಲ್ಲ ಅಕ್ಕ. ಬರೀ ಬಿಸಿನೀರು."

"ಊರೋರ್ ಸುದ್ದಿಯೆಲ್ಲ ಬರ್ಯೋರು, ನಿಮ್ಮನೇದ್ ಮಾತ್ರ ಮುಚ್ಚಿಡ್ತೀರ. ನಾನೇನ್ ಜಗಳಕ್ ಬಂದಿಲ್ಲ ಕಣಣ್ಣ. ಹೆಸ್ರು ಹೇಳುದ್ರೆ ಸಾಕು."

ನಾನು ಇಲ್ಲ ಎಂದಷ್ಟೂ ಅವರ ಮುಖ ಬಿಗಿಯಿತು. ನಡೆದದ್ದಕ್ಕೆ ಸಾಕ್ಷಿ ಹುಡುಕುವುದು ನನಗೆ ಗೊತ್ತು. ನಡೆಯದ್ದಕ್ಕೆ ಎಲ್ಲಿಂದ ತರುವುದು? ಪಶುವೈದ್ಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಬಿಸಿನೀರೇ ಆಗಿದ್ದರೆ ಭಯ ಇಲ್ಲ. ಮೆಲುಕು ಹಾಕದಿದ್ದರೆ ಕರ್ಕೊಂಡು ಬನ್ನಿ," ಎಂದರು. 'ಆಗಿದ್ದರೆ' ಎಂಬುದು ಅಕ್ಕನಿಗೂ ಕೇಳಿಸಿತು.

ಹೆಂಡತಿ ಹೋಗಿ ಹಂಡೆಗೆ ಉರಿ ಹಾಕಿದಳು. ನೀರು ಮರಳಿದ ಮೇಲೆ, ಗೋಡೆಯ ಆ ತುದಿಯಲ್ಲಿ ನೀರು ತಾಗದೆ ಇನ್ನೂ ಹಸಿರಾಗಿದ್ದ ಗರಿಕೆಗೆ ಅಕ್ಕನ ಎದುರಲ್ಲೇ ಹುಯ್ದೆ. ಹಬೆ ಎದ್ದಿತು. ಎಲೆಗಳು ನೋಡನೋಡುತ್ತಲೇ ಕಪ್ಪುಹಸಿರಾಗಿ ನೆಲಕ್ಕೆ ಅಂಟಿದವು. ಅಕ್ಕ ಕೂತು ಮುಟ್ಟಿ ನೋಡಿದರು. ಆಮೇಲೆ ಹಳದಿ ಹುಲ್ಲನ್ನೊಂದು ಹಿಡಿ ಕಿತ್ತು, ಅಂಗೈಯಲ್ಲಿ ಉಜ್ಜಿ ಮೂಸಿದರು.

"ಔಷ್ದಿ ವಾಸ್ನೆ ಇಲ್ಲ. ಸೊಪ್ಪು ಬೆಂದಂಗೈತೆ."

"ಅಷ್ಟೇ ಅಕ್ಕ."

"ಅಂಗಂತ ನಂಬಾಕಾಗಲ್ಲ ಬುಡಿ. ಮೆಲುಕಾಕ್ಲಿ."

ಎಳೆದಾಟಕ್ಕೆ ಬೆದರಿದ ಕುರಿ ನುಗ್ಗೆಮರದ ಕೆಳಗೆ ಕಾಲೂರಿ ನಿಂತೇ ಇತ್ತು. ಹೆಂಡತಿ ಕಾಫಿ ತಂದಳು. ಅಕ್ಕ ಲೋಟ ಹಿಡಿದರು, ಕುಡಿಯಲಿಲ್ಲ.

"ಹೆಣ್ಮರಿ ಹಾಕುದ್ರೆ ಮತ್ತೆ ಮಂದೆ ಕಟ್ಬೋದು ಅಂತಿದ್ದೆ," ಎಂದರು. ನಮ್ಮ ಕಡೆ ನೋಡಲಿಲ್ಲ.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಕುರಿ ಮುಂಗಾಲು ಮಡಿಸಿ ಮಲಗಿತು. ಮೂವರೂ ಅದರ ಕೊರಳನ್ನೇ ನೋಡುತ್ತಿದ್ದೆವು. ಗಂಟಲಲ್ಲಿ ಸಣ್ಣದೊಂದು ಉಂಡೆ ಮೇಲಕ್ಕೆ ಸರಿಯಿತು. ದವಡೆ ಪಕ್ಕಕ್ಕೆ ಆಡತೊಡಗಿತು.

ಅಕ್ಕ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. "ನೋಡಮ್ಮ, ನಿನ್ ಗಂಡ ನಿಜ ಹೇಳ್ತಾನೆ ಅಂತ ಕುರಿ ಸಾಕ್ಷಿ ಹೇಳ್ಬೇಕಾಯ್ತು."

ಹೆಂಡತಿ ನಕ್ಕಳು. ಕುರಿಯನ್ನು ಎಬ್ಬಿಸಿ ಮನೆಯವರೆಗೆ ಬಿಟ್ಟುಬರಲೇ ಎಂದು ಕೇಳಿದೆ.

"ಬ್ಯಾಡ, ಮುಗುಸ್ಲಿ," ಎಂದು ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತರು.